ಒಂದು ಗೇಣು ಹಿಂದಕ್ಕೆ

"ನಮ್ಮಪ್ಪ ಬಸ್ ಡ್ರೈವರ್ ಅಂಕಲ್" ಎಂದು ನಾನು ಫೋನಿನಲ್ಲಿ ಹೇಳಿದ್ದು ನಿಜ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಅವರು ಕೇಳಿದ್ದು ಬೇರೆ.

"ಸ್ಟಿಕ್ ಶಿಫ್ಟ್ ಕಾರಮ್ಮ ಇದು. ಕ್ಲಚ್ಚು, ಗೇರು ಎಲ್ಲ ಇದೆ. ಓಡಿಸೋಕೆ ಬರತ್ತೆ ತಾನೆ?"

ಅದಕ್ಕೆ ನನ್ನ ಉತ್ತರ ಅದು. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. "ಓಹೋ, ಹಾಗಾದ್ರೆ ನಾನು ಯಾಕೆ ಕೇಳ್ತಿದ್ದೀನಿ? ಬಾಮ್ಮ ಬಾ. ಅಟ್ಲಾಂಟಾದೋರು ಒಬ್ಬರು ಎರಡು ವಾರ ಬಿಟ್ಟು ಭಾನುವಾರ ಬರ್ತೀನಿ ಅಂದಿದ್ದಾರೆ. ನೀನು ಅದರ ಹಿಂದಿನ ಶುಕ್ರವಾರವೇ ಬಂದ್ಬಿಡು. ಡ್ರೈವರ್ ಮಗಳಿಗೆ ಕೊಟ್ಟೆ ಅಂದ್ರೆ ನನಗೂ ಸಮಾಧಾನ."

ಫೋನ್ ಇಟ್ಟ ಮೇಲೆ ಎಡಗಾಲನ್ನು ನೋಡಿಕೊಂಡೆ. ಅದು ಹುಟ್ಟಿದಾಗಿನಿಂದ ಒಂದು ಕ್ಲಚ್ಚನ್ನೂ ತುಳಿದಿರಲಿಲ್ಲ.

ಕೊರೊನಾ ಮುಗಿದು ಆಫೀಸಿನವರು ವಾರಕ್ಕೆ ಮೂರು ದಿನ ಬನ್ನಿ ಎಂದು ಕರೆದ ವರ್ಷ ಅದು. ಅಮೆರಿಕದ ಆಶ್‌ಬರ್ನಿನಲ್ಲಿ ನನ್ನ ಕೆಲಸ ಕಿಟಕಿಯೇ ಇಲ್ಲದ ಕಟ್ಟಡವೊಂದರಲ್ಲಿ. ಒಳಗೆ ಸಾವಿರಾರು ಕಂಪ್ಯೂಟರ್ ಯಂತ್ರಗಳು ಒಂದೇ ದನಿಯಲ್ಲಿ ಗುಂಯ್‌ಗುಡುತ್ತಿರುತ್ತವೆ. ಎರಡು ವರ್ಷ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು ಆ ಯಂತ್ರಗಳನ್ನು ದೂರದಿಂದ ಕಾದಿದ್ದೆ. ಈಗ ಹತ್ತಿರದಿಂದ ಕಾಯಬೇಕಿತ್ತು. ಎಲ್ಲಿ ಕುಳಿತರೂ ಮೈಯೊಳಗೆ ಏನೋ ಓಡಾಡುತ್ತಿತ್ತು. ಮಧ್ಯಾಹ್ನ ಊಟ ಬಿಟ್ಟು ಪಾರ್ಕಿಂಗ್ ಲಾಟ್ ಸುತ್ತುತ್ತಿದ್ದೆ. ಸಂಜೆ ನಮ್ಮ ಟೌನ್‌ಹೌಸ್ ಸಾಲನ್ನು ಸುತ್ತುತ್ತಿದ್ದೆ. "ಒಂದು ಕಡೆ ಕೂತ್ಕೋ ಮಾರಾಯ್ತಿ, ನಿನ್ನನ್ನ ನೋಡಿದ್ರೆ ನನಗೇ ಸುಸ್ತಾಗತ್ತೆ" ಎನ್ನುತ್ತಿದ್ದ ಗಂಡ.

ಹಾಗಿರುವಾಗ ಕನ್ನಡದವರ ಫೋನ್ ಗ್ರೂಪಿನಲ್ಲಿ ಆ ಕಾರು ಬಂತು. ಸಾಮಾನ್ಯವಾಗಿ ಆ ಗ್ರೂಪಿನಲ್ಲಿ ಬರುವುದು ಚಟ್ನಿಪುಡಿ, ಮಗುವಿನ ತೊಟ್ಟಿಲು, ಬಾಡಿಗೆ ಕೋಣೆ. ಅವುಗಳ ನಡುವೆ ಕಡುನೀಲಿ ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿ ಮಲಗಿದಂತಿದ್ದ ಅಮೆರಿಕನ್ ಸ್ಪೋರ್ಟ್ಸ್ ಕಾರು. ಕೆಳಗೆ ಹೀಗೆ ಬರೆದಿತ್ತು: "ಒಬ್ಬರೇ ಓನರ್. ಗ್ಯಾರೇಜಲ್ಲೇ ಇಟ್ಟಿದ್ದು. ಇಪ್ಪತ್ತು ವರ್ಷದಲ್ಲಿ ಒಂದು ಗೀರಿಲ್ಲ. ಸುಮ್ಮನೆ ಫೋಟೋ ಕೇಳೋರು ಬೇಡ, ಬಂದು ನೋಡೋರು ಮಾತ್ರ. ಫೋರ್ಟ್ ಮಿಲ್, ಸೌತ್ ಕ್ಯಾರೊಲೈನಾ."

ನಾನು ಮೂರು ದಿನ ಆ ಫೋಟೋ ನೋಡಿದೆ. ನಾಲ್ಕನೆಯ ದಿನ ಫೋನ್ ಮಾಡಿದೆ.

ಗೇರ್ ಬರದವಳಿಗೆ ಗೇರ್ ಕಾರು ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು.

ಅಪ್ಪ ಮದ್ದೂರು–ಮಳವಳ್ಳಿ ರೂಟಿನಲ್ಲಿ ಪ್ರೈವೇಟ್ ಬಸ್ ಓಡಿಸುತ್ತಿದ್ದರು. ಕೆಲವು ಭಾನುವಾರ ಬಸ್ಸನ್ನು ತೊಳೆಯಲು ನಮ್ಮ ಮನೆ ಮುಂದೆಯೇ ನಿಲ್ಲಿಸುತ್ತಿದ್ದರು. ಹತ್ತು ವರ್ಷದವಳಿದ್ದಾಗ ಒಮ್ಮೆ ಡ್ರೈವರ್ ಸೀಟು ಹತ್ತಿ, ನನ್ನ ಭುಜದ ಎತ್ತರಕ್ಕಿದ್ದ ಗೇರ್ ರಾಡನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ. ಅದು ಬೆಚ್ಚಗಿತ್ತು. ಅಪ್ಪ ಬಕೆಟ್ ಕೆಳಗಿಟ್ಟು ಬಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೆಳಗಿಳಿಸಿದರು.

"ಇದು ನಿನ್ ಜಾಗ ಅಲ್ಲ. ಓಗಿ ಓದ್ಕೊ ಓಗು."

ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಆಮೇಲೆ ಬಸ್ ತೊಳೆಯುವ ದಿನ ಬೀಗದ ಕೈ ಅವರ ಜೇಬಿನಲ್ಲೇ ಇರುತ್ತಿತ್ತು.

ಓದಿದೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಹೈಸ್ಕೂಲು ದಾಟಿರಲಿಲ್ಲ. ಪಿಯುಸಿ ಗಣಿತದಲ್ಲಿ ಮೂರು ಮಾರ್ಕ್ಸಿಗೆ ಹೋಯಿತು. "ಅರ್ಜಿ ಹಾಕು, ಮೂರು ತಾನೆ, ಗ್ರೇಸ್ ಕೊಟ್ಟು ದಾಟಿಸ್ತಾರೆ" ಎಂದರು ಲೆಕ್ಚರರು. ನಾನು ಹಾಕಲಿಲ್ಲ. ದಾಟಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತು, ಮತ್ತೆ ಬರೆದು, ಎಂಬತ್ತೆಂಟು ತೆಗೆದೆ. "ಡ್ರೈವರ್ ಮಗಳ ಜಂಬ ನೋಡು" ಎಂದಿದ್ದಳು ಸೋದರತ್ತೆ. ಆ ಮಾತು ನನಗೆ ಬೈಗುಳದ ಹಾಗೆ ಕೇಳಿಸಲಿಲ್ಲ.

ಆದರೂ ಮೈಸೂರಿನ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದವರಿಗೆ "ಟ್ರಾನ್ಸ್‌ಪೋರ್ಟಲ್ಲಿದ್ದಾರೆ" ಎನ್ನುತ್ತಿದ್ದೆ. ನಮ್ಮವು ಲಾರಿಗಳಿವೆ ಎಂದುಕೊಂಡರು ಕೆಲವರು. ಅಂದುಕೊಳ್ಳಲಿ ಎಂದು ಬಿಟ್ಟೆ. ಮದುವೆಯಾಗಿ ಮೊದಲು ಕ್ಲಾರ್ಕ್ಸ್‌ಬರ್ಗಿಗೆ, ಆಮೇಲೆ ಆಶ್‌ಬರ್ನಿಗೆ ಬಂದ ಮೇಲೂ ಆ ಮಾತು ಜೊತೆಗೇ ಬಂತು. ಕಾರು ಕಲಿತದ್ದು ಮೂವತ್ತನೆಯ ವಯಸ್ಸಿನಲ್ಲಿ, ಇಲ್ಲಿ, ಆಟೊಮ್ಯಾಟಿಕ್ ಗಾಡಿಯಲ್ಲಿ. ಎರಡೇ ಪೆಡಲು. ಎಡಗಾಲಿಗೆ ಕೆಲಸವೇ ಇಲ್ಲ.

ಅಪ್ಪನ ಕೆಲಸವನ್ನು ಬಾಯಿ ತುಂಬ ಹೇಳಿದ್ದು ಅವತ್ತು ಆ ಫೋನಿನಲ್ಲೇ ಮೊದಲು. ಹೇಳಿದ್ದೂ ಇನ್ನೊಬ್ಬರನ್ನು ನಂಬಿಸುವುದಕ್ಕೆ.

ಮುಂದಿನ ಎರಡು ವಾರ ವಿಡಿಯೋ ನೋಡಿದೆ. ಆಫೀಸಿನಲ್ಲಿ ಮೇಜಿನ ಕೆಳಗೆ ಕಸದ ಬುಟ್ಟಿಯನ್ನು ಎಡಗಾಲ ಮುಂದೆ ಇಟ್ಟುಕೊಂಡು ಒತ್ತುವುದು, ಬಿಡುವುದು. ಬಲಗಾಲಿಗೆ ಅಕ್ಸಿಲರೇಟರ್ ಎಂದು ನನ್ನ ಚಪ್ಪಲಿ. ನನಗೆ ಬಂದೇಬಿಟ್ಟಿತು ಅನಿಸಿತ್ತು. ಹೈಸ್ಕೂಲಿನಲ್ಲಿರುವ ಮಗಳು ಮಾತ್ರ ತಲೆ ಎತ್ತದೆ ಕೇಳಿದಳು. "ಅಮ್ಮಾ, ಯು ಡೋಂಟ್ ಈವನ್ ಡ್ರೈವ್ ಸ್ಟಿಕ್. ಹೇಗೆ ತರ್ತೀಯ?"

"ಓಡಿಸ್ಕೊಂಡು ತರ್ತೀನಿ" ಎಂದೆ. ಶಾರ್ಲಟ್‌ಗೆ ವಿಮಾನದ ಟಿಕೆಟ್ ಕೊಂಡೆ, ಹೋಗುವುದಕ್ಕೆ ಮಾತ್ರ.

ಫೋರ್ಟ್ ಮಿಲ್ಲಿನ ಆ ಮನೆ ರಸ್ತೆಗಿಂತ ಎತ್ತರದಲ್ಲಿತ್ತು. ಡ್ರೈವ್‌ವೇ ಎಂದರೆ ಸಣ್ಣ ದಿಬ್ಬವೇ. ಅದರ ನಡುವೆ, ಮೂತಿ ಮೇಲೆ ಮಾಡಿಕೊಂಡು, ತೊಳೆದು ಒರೆಸಿದ ಕಾರು ನಿಂತಿತ್ತು. ಅಂಕಲ್ ಮೈಸೂರಿನವರು, ಎಪ್ಪತ್ತು ದಾಟಿದವರು, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೈಯಲ್ಲಿ ಮೆತ್ತನೆಯ ಬಟ್ಟೆಯೊಂದಿತ್ತು. ನಾನು ಇದ್ದ ಎರಡು ದಿನವೂ ಆ ಬಟ್ಟೆ ಅವರ ಕೈ ಬಿಟ್ಟಿದ್ದು ನಮಾಜಿಗೆ ಹೋದಾಗ ಮಾತ್ರ.

"ಯಾಕೆ ಮಾರ್ತಿದ್ದೀರ ಅಂಕಲ್?"

ಉತ್ತರ ಬಾಗಿಲಲ್ಲಿ ನಿಂತಿದ್ದ ಆಂಟಿಯಿಂದ ಬಂತು. "ಮಂಡಿ ಬಗ್ಗಲ್ಲಮ್ಮ ಇವರಿಗೆ. ಕೂತ್ಕೊಳ್ಳೋದು ಹೇಗೋ ಕೂತ್ಕೊಂಡ್‌ಬಿಡ್ತಾರೆ. ಎಬ್ಬಿಸೋದು ನಾನು. ಬಾವಿಯಿಂದ ಕೊಡ ಸೇದಿದ ಹಾಗೆ ಸೇದಬೇಕು."

ಮೊದಲು ಊಟ ಎಂದರು ಆಂಟಿ. "ಮಟನ್ ಪಲಾವ್ ಮಾಡಿದ್ದೀನಿ. ತಿಂತೀಯ ತಾನೆ?"

"ಮಂಡ್ಯದೋಳು ಆಂಟಿ ನಾನು."

"ಹಾಗಾದ್ರೆ ಇನ್ನೊಂದು ಪಾವು ಅಕ್ಕಿ ಹಾಕಬೇಕಿತ್ತು."

ಊಟದುದ್ದಕ್ಕೂ ಅಂಕಲ್ ನನ್ನನ್ನು ಹೆಣ್ಣು ಕೊಡುವವರು ಗಂಡಿನ ಕಡೆಯವರನ್ನು ವಿಚಾರಿಸುವ ಹಾಗೆ ವಿಚಾರಿಸಿದರು. ಗ್ಯಾರೇಜ್ ಇದೆಯಾ? ಇದೆ. ಅದರಲ್ಲಿ ಈಗ ಏನಿದೆ? ಮಿನಿವ್ಯಾನ್. ಅದನ್ನ ಆಚೆ ಹಾಕ್ತೀಯಾ? ಹಾಕ್ತೀನಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕಿದಾಗ ತೆಗೀತೀಯಾ? ತೆಗೆಯಲ್ಲ. ಅವರು ಒಂದು ಹಳೇ ನೋಟ್‌ಬುಕ್ ತಂದು ತೋರಿಸಿದರು. ಯಾವ ದಿನ ಆಯಿಲ್ ಬದಲಾಯಿಸಿದ್ದು, ಯಾವ ದಿನ ಟೈರಿಗೆ ಗಾಳಿ ಹಿಡಿಸಿದ್ದು, ಎಲ್ಲ ದುಂಡನೆಯ ಕನ್ನಡ ಅಕ್ಷರದಲ್ಲಿ. ಒಂದು ಕಡೆ "ಅಳಿಲು ಕೂತಿತ್ತು, ಓಡಿಸಿದೆ" ಎಂದೂ ಬರೆದಿತ್ತು.

"ನಿಮ್ಮಪ್ಪ ಎಷ್ಟನೇ ವಯಸ್ಸಿಗೆ ಕಲಿಸಿದ್ರು ನಿಂಗೆ?"

ನಾನು ಪಲಾವ್ ಬಾಯಿಗಿಟ್ಟುಕೊಂಡೆ. ಬಾಯಿ ಖಾಲಿಯಾಗುವುದರೊಳಗೆ ಆಂಟಿ ಮೊಸರು ಬಡಿಸಲು ಬಂದರು. ಉತ್ತರ ತಪ್ಪಿತು.

ಆಮೇಲೆ ಕಾರು. ಅಂಕಲ್‌ರನ್ನು ಆಂಟಿ ಹಿಡಿದು ಪಕ್ಕದ ಸೀಟಿಗೆ ಇಳಿಸಿದರು. ನಾನು ಸ್ಟೇರಿಂಗ್ ಹಿಂದೆ ಕುಳಿತೆ. ಗೇರ್ ರಾಡಿನ ಗುಂಡು ಅಂಗೈಗೆ ತಕ್ಕಷ್ಟೇ ಇತ್ತು. ಬಿಸಿಲಿಗೆ ಬೆಚ್ಚಗಾಗಿತ್ತು.

"ಗ್ಯಾರೇಜಿಗೆ ಹತ್ತಿಸು, ಮತ್ತೆ ಇಳಿಸು. ಆಮೇಲೆ ರೋಡಿಗೆ ಹೋಗೋಣ."

ಎಂಜಿನ್ ಶುರುವಾದಾಗ ಬೆನ್ನಿನೊಳಗೇ ಶುರುವಾದ ಹಾಗಾಯಿತು. ಎಡಗಾಲು ಎತ್ತಿದೆ. ಕಾರು ಒಮ್ಮೆ ಕೆಮ್ಮಿ ನಿಂತುಹೋಯಿತು. "ನಿಂಗೆ ಹೊಸ ಗಾಡಿ, ಆಗತ್ತೆ" ಎಂದರು ಅಂಕಲ್. ಇನ್ನೊಮ್ಮೆ. ಮತ್ತೆ ನಿಂತಿತು. ಅವರು ಬಟ್ಟೆಯಿಂದ ಡ್ಯಾಶ್‌ಬೋರ್ಡ್ ಒರೆಸಿದರು. ಮೂರನೆಯ ಸಲ ಕ್ಲಚ್ ಒತ್ತಿ ಬ್ರೇಕಿನಿಂದ ಕಾಲು ತೆಗೆದೆ, ಅಷ್ಟೇ. ಕಾರು ಹಿಂದಕ್ಕೆ ಜಾರತೊಡಗಿತು. ಕಸದ ಬುಟ್ಟಿ ಯಾವತ್ತೂ ಹೀಗೆ ಜಾರಿರಲಿಲ್ಲ. ಹಿಂದೆ ರಸ್ತೆ ಬದಿಯ ಅಂಚೆ ಪೆಟ್ಟಿಗೆ ದೊಡ್ಡದಾಗುತ್ತ ಬಂತು. ಅಂಕಲ್ ಹ್ಯಾಂಡ್‌ಬ್ರೇಕ್ ಎಳೆದರು. ಪೆಟ್ಟಿಗೆಗೂ ಕಾರಿಗೂ ನಡುವೆ ಒಂದು ಮೊಳ ಜಾಗವಿತ್ತು.

ಅವರೇ ಕೈ ಚಾಚಿ ಕೀ ತಿರುಗಿಸಿ ಎಂಜಿನ್ ಆರಿಸಿದರು.

"ನಿಮ್ಮಪ್ಪ ಬಸ್ ಡ್ರೈವರ್ ಅಂದ್ಯಲ್ಲಮ್ಮ."

"ಹೌದು ಅಂಕಲ್. ಅವರು ಡ್ರೈವರ್. ನಂಗೆ ಯಾವತ್ತೂ ಮುಟ್ಟೋಕೆ ಬಿಡಲಿಲ್ಲ."

"ಸುಳ್ಳು ಹೇಳಿಲ್ಲ ನೀನು" ಎಂದರು ನಿಧಾನವಾಗಿ. "ಸುಳ್ಳು ಹೇಳಿದ್ರೆ ನಾನು ಹಿಡೀತಿದ್ದೆ. ಇದು ಅದಕ್ಕಿಂತ ಚೆನ್ನಾಗಿ ಮಾಡಿದ ಕೆಲಸ."

ಕಾಲೇಜು, ಡಿಗ್ರಿ, ಕೆಲಸ, ಯಾವುದರಲ್ಲೂ ನನ್ನ ಮುಖಕ್ಕೆ ಹೀಗೆ ಯಾರೂ ಹೇಳಿರಲಿಲ್ಲ. ಕಿವಿ ಬಿಸಿಯಾಯಿತು. ಇಳಿದು ಟ್ಯಾಕ್ಸಿ ಕರೆಯೋಣ ಎಂದು ಬ್ಯಾಗಿಗೆ ಕೈ ಹಾಕಿದೆ. ಅಷ್ಟರಲ್ಲಿ ಆಂಟಿ ಅವರನ್ನು ಮೇಲೆ ಸೇದಲು ಬಂದಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬರಲ್ಲ ಅಂದ್ರೆ ಕಲೀಲಿ. ಅಷ್ಟು ದೂರದಿಂದ ಬಂದಿದ್ದಾಳೆ."

"ನನ್ನ ಕ್ಲಚ್ಚಿನ ಮೇಲೆ ಕಲೀಬೇಕಾ?"

"ನೀವು ಯಾರ ಕ್ಲಚ್ಚಿನ ಮೇಲೆ ಕಲಿತ್ರಿ? ನಮ್ಮಣ್ಣನ ಕಾರು ಮೂರು ತಿಂಗಳು ರಿಪೇರಿ ಗ್ಯಾರೇಜಲ್ಲಿತ್ತು. ಮದುವೆ ಮುಂದಕ್ಕೆ ಹಾಕೋಣ ಅಂದಿದ್ರು ನಮ್ಮ ತಂದೆ."

ಅಂಕಲ್ ಬಟ್ಟೆಯಿಂದ ಬಾಗಿಲಿನ ಹಿಡಿಯನ್ನು ಒರೆಸಿದರು, ನನ್ನ ಬೆರಳಿನ ಗುರುತಿದ್ದ ಜಾಗವನ್ನು. ಒರೆಸುತ್ತಲೇ ಹೇಳಿದರು. ನಾಳೆ ಶನಿವಾರ, ಹತ್ತಿರದ ಸ್ಕೂಲಿನ ಪಾರ್ಕಿಂಗ್ ಲಾಟ್ ಖಾಲಿ ಇರುತ್ತದೆ, ಅಲ್ಲಿ ಕಲಿ. ಭಾನುವಾರ ಹತ್ತು ಗಂಟೆಗೆ ಅಟ್ಲಾಂಟಾದವರು ಬರುತ್ತಾರೆ. ಅದಕ್ಕೆ ಮೊದಲು ಈ ದಿಬ್ಬದ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಮುಟ್ಟದೆ, ಹಿಂದಕ್ಕೆ ಜಾರದೆ ಗ್ಯಾರೇಜಿಗೆ ಹತ್ತಿಸಿದರೆ ಕಾರು ನಿನ್ನದು. ಇಲ್ಲವಾದರೆ ಅವರದು.

ಹೋಟೆಲಿಗೆ ಹೋಗಲು ಆಂಟಿ ಬಿಡಲಿಲ್ಲ. ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಟ್ಟರು. ಬೆಳಕು ಹರಿಯುವ ಮೊದಲೇ ಎದ್ದು ಮಂಚದ ಅಂಚಿನಲ್ಲಿ ಕುಳಿತು ಎಡಗಾಲು ಒತ್ತುತ್ತಿದ್ದೆ, ಎತ್ತುತ್ತಿದ್ದೆ.

ಸ್ಕೂಲಿನ ಲಾಟಿನಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಕಾರು ಇಪ್ಪತ್ತು ಸಲ ನಿಂತಿರಬೇಕು. "ಬಿಡು, ಬಿಡು, ಅಯ್ಯೋ ಅಷ್ಟು ಬೇಗ ಅಲ್ಲ" ಎನ್ನುತ್ತಿದ್ದರು ಅಂಕಲ್, ತಮ್ಮ ಮೈಗೇ ಏಟು ಬಿದ್ದ ಹಾಗೆ. ಅವರು ಅಂದಷ್ಟೂ ನನ್ನ ಕಾಲು ಮರವಾಗುತ್ತಿತ್ತು. ಕೊನೆಗೆ ಅವರೇ ಹೇಳಿದರು. "ನನ್ನ ಕೈಲಾಗಲ್ಲಮ್ಮ. ಬಸ್ ಡ್ರೈವರ್ ಇದ್ದಾರಲ್ಲ, ಅವರಿಗೇ ಫೋನ್ ಮಾಡು."

ಚುಚ್ಚಲು ಅಂದ ಮಾತು ಅದು. ನಾನು ನಿಜವಾಗಿಯೂ ಮಾಡಿದೆ. ಮದ್ದೂರಿನಲ್ಲಿ ಆಗ ಸಂಜೆ.

"ಏನವ್ವ? ಅಲ್ಲಿ ಒತ್ತಾರೆ ಅಲ್ವಾ ಈಗ?"

"ಅಪ್ಪ, ಗೇರ್ ಗಾಡಿ ಕಲೀತಿದ್ದೀನಿ. ಬರ್ತಿಲ್ಲ."

ಆ ಕಡೆ ತಮ್ಮನ ಮಕ್ಕಳ ಗಲಾಟೆ ಕೇಳುತ್ತಿತ್ತು. ಅಪ್ಪ ಎದ್ದು ಆಚೆ ಬಂದರೆಂದು ಕಾಣುತ್ತದೆ, ಗಲಾಟೆ ನಿಂತಿತು. ಯಾಕೆ, ಏನು, ಯಾವ ಗಾಡಿ, ಏನೂ ಕೇಳಲಿಲ್ಲ. "ಇಸ್ಟಾರ್ಟ್ ಮಾಡು. ಫೋನ ಇಸ್ಪೀಕರ್‌ಗೆ ಹಾಕಿ ಸೀಟ್ ಮ್ಯಾಲೆ ಮಡಗು" ಎಂದರು. ಮಾಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಬೋ ದೊಡ್ಡ್ ಎಂಜಿನ್ನು. ಯಾರ್ದವ್ವ ಇದು?"

"ನಂದು ಸಾರ್" ಎಂದರು ಅಂಕಲ್.

"ಚೆನ್ನಾಗ್ ಮಡಗಿದ್ದೀರಿ ಸಾ. ಒಂದ್ ಕಟಕಟ ಇಲ್ಲ."

ಬೆಳಿಗ್ಗೆಯಿಂದ ಗಂಟಿಕ್ಕಿದ್ದ ಅಂಕಲ್ ಮುಖ ಸಡಿಲವಾಯಿತು. "ಇಪ್ಪತ್ತು ವರ್ಷ ಆಯ್ತು ಸಾರ್" ಎಂದರು, ಮಗನ ಮಾರ್ಕ್ಸ್ ಹೇಳುವವರ ಹಾಗೆ.

"ಈಗ ಕೇಳವ್ವ. ಫಸ್ಟ್ ಹಾಕು. ಅಕ್ಸಿಲೇಟ್ರು ಮುಟ್‌ಬ್ಯಾಡ. ಎಡಗಾಲ ಮೆತ್ತಗೆ ಎತ್ತು. ಕಾಲ ನೋಡ್‌ಬ್ಯಾಡ, ಸದ್ದ ಕೇಳು. ದನಿ ತಗ್ಗತದೆ. ತಗ್ಗಿದ್ ಕಡೆ ಕಾಲ ನಿಲ್ಸು." ನಾನು ಎತ್ತಿದೆ. ಎಂಟು ಸಾವಿರ ಮೈಲಿ ಆಚೆಯಿಂದ ಅಪ್ಪ ನನಗಿಂತ ಮೊದಲು ಕೇಳಿಸಿಕೊಂಡರು. "ಆಂ, ತಗ್ತು. ಅಲ್ಲೇ. ಅಲ್ಲೇ ಇರು. ಈಗ ಅಕ್ಸಿಲೇಟ್ರು ಕೊಡು."

ಕಾರು ಹೊರಟಿತು. ಕೆಮ್ಮಲಿಲ್ಲ, ನೆಗೆಯಲಿಲ್ಲ. ಖಾಲಿ ಲಾಟಿನ ಬಿಳಿ ಗೆರೆಗಳ ಮೇಲೆ ಹರಿದುಕೊಂಡು ಹೋಯಿತು.

"ಯಾಕಂಗ್ ಕಿರುಚಿಸ್ತಿದ್ದೀಯ ಅದ್ನ? ಸೆಕೆಂಡ್ ಕೇಳ್ತದೆ, ಹಾಕು."

ಎರಡನೆಯ ಗೇರ್ ಬಿತ್ತು. ಅಂಕಲ್ ಮೆಲ್ಲಗೆ "ಮಾಶಾಲ್ಲಾಹ್" ಎಂದರು. ಎರಡು ಗಂಟೆ ಸುತ್ತಿದೆವು. ಅಪ್ಪ ಫೋನ್ ಇಡಲೇ ಇಲ್ಲ. ನಡುವೆ ಅವರಿಬ್ಬರೂ ನನ್ನನ್ನು ಬಿಟ್ಟು ಮಳವಳ್ಳಿ ರಸ್ತೆಯ ಗುಂಡಿಗಳ ಬಗ್ಗೆ ಮಾತಾಡಿದರು. ಮುಗಿಸುವ ಮುಂಚೆ ನಾನು ಕೇಳಿದೆ.

"ಅವಾಗ ಯಾಕಪ್ಪ ಹೇಳಿಕೊಡಲಿಲ್ಲ?"

"ಹೇಳ್ಕೊಟ್ಟಿದ್ರೆ ನೀನು ಕಲ್ತ್‌ಬುಡ್ತಿದ್ದೆ ಕಣವ್ವ. ಅದೇ ಹೆದ್ರಿಕೆ ನಂಗೆ."

ಭಾನುವಾರ ಒಂಬತ್ತೂವರೆಗೆ ದಿಬ್ಬದ ನಡುವೆ ಕಾರು ನಿಲ್ಲಿಸಿದೆ. ಅಂಕಲ್ ಗ್ಯಾರೇಜಿನ ಬಾಗಿಲ ಪಕ್ಕದಲ್ಲಿ, ಆಂಟಿ ಟೀ ಲೋಟ ಹಿಡಿದು ಮೆಟ್ಟಿಲ ಮೇಲೆ. ಅಪ್ಪನಿಗೆ ಫೋನ್ ಮಾಡಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವರನ್ನು ಕೇಳುವ ಹಾಗಿಲ್ಲ.

ಕ್ಲಚ್ ಎತ್ತಿದೆ. ದನಿ ತಗ್ಗುವುದಕ್ಕೆ ಕಾದೆ. ತಗ್ಗಿತು ಅನಿಸಿತು. ಬ್ರೇಕ್ ಬಿಟ್ಟೆ. ಅನಿಸಿದ್ದು ಸ್ವಲ್ಪ ಬೇಗವಾಯಿತು. ಕಾರು ಹಿಂದಕ್ಕೆ ಸರಿಯಿತು, ಒಂದು ಗೇಣು, ಹೆಚ್ಚಿಲ್ಲ. ಆಮೇಲೆ ಹಿಡಿದುಕೊಂಡಿತು. ಕೊಟ್ಟೆ. ದಿಬ್ಬ ಹತ್ತಿ, ಗ್ಯಾರೇಜಿನೊಳಗೆ ನೇರವಾಗಿ ಹೋಗಿ ನಿಂತಿತು. ಆಂಟಿ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಇಳಿದು ನೋಡಿದರೆ ಅಂಕಲ್ ರಸ್ತೆಯ ಕಡೆ ತಿರುಗಿ ಕೈ ಎತ್ತಿ ನಿಂತಿದ್ದರು. ಅಟ್ಲಾಂಟಾದವರು ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ಕಲಬುರಗಿ ಕಡೆಯ ಡಾಕ್ಟರು, ತೆಳ್ಳಗಿನ ಮನುಷ್ಯ. ಹೆಂಡತಿ ಅವರನ್ನು ಇಳಿಸಿ ಕಾರಿನಲ್ಲೇ ಕುಳಿತಿದ್ದರು. ಅಂಕಲ್ ನನ್ನ ಕಡೆ ತಿರುಗಿದರು.

"ಇವರು ಬಂದ್ರು, ನೋಡಲಿಲ್ಲ ನಾನು. ಹಿಂದಕ್ಕೆ ಹೋಯ್ತಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆಂಟಿ ಆಗ ಟೀ ಲೋಟ ನೋಡುತ್ತಿದ್ದರು, ಅವರಿಗೂ ಕಂಡಿರಲಿಲ್ಲ. ಎಂಜಿನ್ನಿನ ಬಿಸಿ ಇನ್ನೂ ನನ್ನ ಕಾಲಿನಲ್ಲಿತ್ತು.

"ಹೋಯ್ತು ಅಂಕಲ್. ಒಂದು ಗೇಣು."

ಅವರು ನನ್ನತ್ತ ಎರಡು ಹೆಜ್ಜೆ ಬಂದರು. ಆಮೇಲೆ ನಕ್ಕರು, ಮೊದಲ ದಿನ ಫೋನಿನಲ್ಲಿ ನಕ್ಕ ಹಾಗೆ. "ಒಂದು ಗೇಣು ಏನಮ್ಮ. ಅದನ್ನೂ ನೀನಾಗಿ ಹೇಳಿದೆ. ಪರವಾಗಿಲ್ಲ, ತಗೊಂಡ್ಹೋಗು."

ಡಾಕ್ಟರಿಗೆ ವಿಷಯ ತಿಳಿದಾಗ ಅವರು ಕೈ ಮುಗಿದರು. "ಏನ್ರೀ ಮೇಡಂ, ಒಂದು ಗೇಣಿಗೆ ಇಷ್ಟು ವಿಚಾರ ಏನದ? ನೀವ ಒಯ್ರಿ. ನಾ ಕಾಕಾರ ಕೈಯಾಗಿನ ಚಾ ಕುಡದು ಹೊಂಟೆ."

ಎಲ್ಲರೂ ಕೊಡುತ್ತಿದ್ದರು. ತೆಗೆದುಕೊಳ್ಳಬೇಕಾದದ್ದು ನಾನೊಬ್ಬಳೇ. ಅವತ್ತು ನನ್ನ ಬಾಯಿಂದ ಬಂದದ್ದು ಇಷ್ಟು:

"ಬೇಡ ಅಂಕಲ್. ಮಾತು ಮಾತೇ. ಗ್ರೇಸ್ ಮಾರ್ಕ್ಸಲ್ಲಿ ಪಾಸಾಗೋಳಲ್ಲ ನಾನು."

"ಹುಚ್ಚಿ" ಎಂದರು ಆಂಟಿ. ಅಂಕಲ್ ನೋಟ್‌ಬುಕ್ ತೆಗೆದು ಡಾಕ್ಟರ ಕೈಗಿಟ್ಟರು. ಡಾಕ್ಟರು ಕಾರನ್ನು ಹಿಂದಕ್ಕೆ ತೆಗೆದು, ಬೇಕೆಂದೇ ದಿಬ್ಬದ ನಡುವೆ ಒಮ್ಮೆ ನಿಲ್ಲಿಸಿ, ಒಂದಿಷ್ಟೂ ಜಾರದೆ ಮೇಲೆ ಹತ್ತಿಸಿ, ಮತ್ತೆ ಇಳಿಸಿಕೊಂಡು ಹೊರಟರು. ಎರಡನೆಯ ಗೇರು, ಮೂರನೆಯದು, ತಿರುವಿನಾಚೆ ನಾಲ್ಕನೆಯದು. ಈಗ ನನಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅಂಕಲ್ ಕೈಯಲ್ಲಿ ಆ ಬಟ್ಟೆ ಹಾಗೇ ಇತ್ತು, ಒರೆಸಲು ಏನೂ ಇರಲಿಲ್ಲ.

ವಾಪಸಿನ ಟಿಕೆಟನ್ನು ಶಾರ್ಲಟ್ ವಿಮಾನ ನಿಲ್ದಾಣದಲ್ಲಿ ಕೊಂಡೆ. ಆಶ್‌ಬರ್ನಿಗೆ ಬಂದ ಮೇಲೆ ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ನಿಜ ಹೇಳಿದ್ದು ಸರಿ, ಅದರ ಬಗ್ಗೆ ಅನುಮಾನವಿಲ್ಲ. ಆಮೇಲೆ ಬೇಡ ಎಂದದ್ದು ನಿಯತ್ತೋ ಜಂಬವೋ, ಅದು ಇವತ್ತಿಗೂ ತೀರ್ಮಾನವಾಗಿಲ್ಲ. ಪಾರ್ಕಿಂಗ್ ಲಾಟ್ ಸುತ್ತುವುದು ನಿಂತಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ನೋಡುವುದು ಮಾರಾಟದ ಕಾರುಗಳನ್ನು, ಅದರಲ್ಲೂ ಮೂರು ಪೆಡಲಿರುವವನ್ನು. ಒಂದು ಮಾತ್ರ ಬದಲಾಗಿದೆ. ಆಫೀಸಿನಲ್ಲಿ ಹೊಸಬರು ಅಪ್ಪನ ಬಗ್ಗೆ ಕೇಳಿದರೆ ಬಸ್ ಡ್ರೈವರ್ ಎನ್ನುತ್ತೇನೆ, ಕೇಳಿದ್ದಕ್ಕೆ ಉತ್ತರವಾಗಿ.

ಕಾರು ಬಿಟ್ಟು ಬಂದದ್ದನ್ನು ಅಪ್ಪನಿಗೆ ಹೇಳಲು ಹತ್ತು ದಿನ ಬೇಕಾಯಿತು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೆಮ್ಮಿನಂಥ ನಗು ಬಂತು.

"ಒಂದ್ ಗೇಣ್‌ಗೆ ಬುಟ್ಬುಟ್ ಬಂದ್ಯಾ? ದಡ್ಡಿ ಕಣೆ ನೀನು. ಮಳವಳ್ಳಿ ದಿಬ್ಬದಲ್ಲಿ ಜನ ತುಂಬ್ಕಂಡು ನಿಲ್ಸಿದ್ರೆ, ನಾನೂ ಒಂದ್ ಗೇಣು ಹಿಂದಕ್ ಬುಟ್ಕಂಡೇ ಹತ್ತಿಸ್ತಿದ್ದಿದ್ದು."